ಸಿಯೆನಾದ ಪಾಲಿಯೋ: ಒಂದೂವರೆ ನಿಮಿಷದ ಕುದುರೆ ಓಟಕ್ಕೆ ನಾಲ್ಕು ದಿನ ಇಟ್ಟುಕೊಂಡು ಹೋಗಿ

2024ರ ಜುಲೈ 2ರಂದು ಇಟಲಿಯ ಸಿಯೆನಾದಲ್ಲಿ ನಾನು ಮತ್ತು ಅಕ್ಕ ಮಳೆಯಲ್ಲಿ ನೆನೆದು ನಿಂತಿದ್ದೆವು. ಪುರಭವನದ ಕಿಟಕಿಯಿಂದ ಹಸಿರು ಬಾವುಟ ಇಳಿಬಿಟ್ಟರು. ಅಂದರೆ ಇವತ್ತು ಓಟ ಇಲ್ಲ. ಮರುದಿನವೂ ಆಗಲಿಲ್ಲ, 4ನೇ ತಾರೀಖು ನಡೆಯಿತು. ಅಷ್ಟರಲ್ಲಿ ನಾವು ಮುಂಚೆಯೇ ತೆಗೆದಿದ್ದ ರೈಲು ಟಿಕೆಟ್ ಹಿಡಿದು ಮ್ಯೂನಿಕ್‌ಗೆ ವಾಪಸ್ ಬಂದಾಗಿತ್ತು. ಬೆಂಗಳೂರಿನಿಂದ ಅಷ್ಟು ದೂರ ಬಂದಿದ್ದ ಅಕ್ಕನ ಮುಖ ನೋಡಲಾಗಲಿಲ್ಲ.

ಮರುವರ್ಷ ಮತ್ತೆ ಹೋದೆವು. ಅಮ್ಮನೂ ಜೊತೆಗೆ ಬಂದರು. ಈ ಸಲ ಜೂನ್ 29ಕ್ಕೇ ಊರು ಸೇರಿದ್ದೆವು, ಹೊರಡುವ ದಿನ ಜುಲೈ 5. ಆಗ ಗೊತ್ತಾಯಿತು, ಹಿಂದಿನ ವರ್ಷ ನಾವು ಕಳೆದುಕೊಂಡದ್ದು ಓಟವೊಂದನ್ನೇ ಅಲ್ಲ. ಪಾಲಿಯೋ ಅಂದರೆ ನಾಲ್ಕು ದಿನದ ಜಾತ್ರೆ, ಓಟ ಅದರ ಕೊನೆಯ ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷಕ್ಕೆ ಮಾತ್ರ ಹೋದವರಿಗೆ ಬಿಸಿಲು, ನೂಕುನುಗ್ಗಲು, ಧೂಳು ಇಷ್ಟೇ ನೆನಪಿರುತ್ತದೆ. ಹಾಗಾಗಿ ಈ ಬರಹದಲ್ಲಿ ಎಲ್ಲವನ್ನೂ ದಿನದ ಲೆಕ್ಕದಲ್ಲೇ ಬರೆದಿದ್ದೇನೆ.

ಮೊದಲು ಕೇರಿಗಳನ್ನು ತಿಳಿದುಕೊಳ್ಳಿ

ಇದನ್ನು ಬಿಟ್ಟು ಉಳಿದದ್ದೆಲ್ಲ ಓದಿದರೂ ಪ್ರಯೋಜನವಿಲ್ಲ. ಸಿಯೆನಾದ ಹಳೆಯ ಊರು 17 ಭಾಗಗಳಾಗಿದೆ. ಒಂದೊಂದನ್ನೂ 'ಕೊಂತ್ರಾದಾ' ಅನ್ನುತ್ತಾರೆ. ನಮ್ಮ 'ಕೇರಿ' ಅನ್ನುವ ಮಾತು ಅದಕ್ಕೆ ಹತ್ತಿರ. ಹದ್ದು, ಕಂಬಳಿಹುಳು, ಬಸವನಹುಳು, ಗೂಬೆ, ಡ್ರ್ಯಾಗನ್, ಜಿರಾಫೆ, ಮುಳ್ಳುಹಂದಿ, ಯೂನಿಕಾರ್ನ್, ತೋಳ, ಚಿಪ್ಪು, ಹೆಬ್ಬಾತು, ಅಲೆ, ಚಿರತೆ, ಕಾಡು, ಆಮೆ, ಗೋಪುರ, ಟಗರು. ಇವೇ ಆ ಹದಿನೇಳು. ಪ್ರತಿ ಕೇರಿಗೂ ಅದರದೇ ಬಣ್ಣ, ಬಾವುಟ, ಚರ್ಚು, ಮ್ಯೂಸಿಯಂ ಇವೆ. ಮಕ್ಕಳಿಗೆ ಕೇರಿಯ ಹೆಸರಿನಲ್ಲಿ ನೀರು ಚಿಮುಕಿಸುವ ಒಂದು ಕಾರಂಜಿಯೂ ಇದೆ. ಇವುಗಳ ಗಡಿಯನ್ನು 1730ರ ಹೊತ್ತಿಗೆ ಆಗಿನ ರಾಜ್ಯಪಾಲೆ ಬವೇರಿಯಾದ ವಿಯೊಲಾಂತೆ ಗುರುತು ಮಾಡಿಸಿದಳು. ಇವತ್ತಿಗೂ ಅದೇ ಗಡಿ.

ವರ್ಷಕ್ಕೆ ಎರಡು ಓಟ. ಜುಲೈ 2ರದ್ದು ಪ್ರೊವೆಂತ್ಸಾನೋ ಮಾತೆಯ ಹೆಸರಿನಲ್ಲಿ, ಆಗಸ್ಟ್ 16ರದ್ದು ಮೇರಿ ಸ್ವರ್ಗಕ್ಕೆ ಏರಿದ ಹಬ್ಬದ ಲೆಕ್ಕದಲ್ಲಿ. ಓಡುವುದು ಹತ್ತೇ ಕೇರಿಗಳು, ಓಟ ನಡೆಯುವ ಊರಿನ ಚೌಕದಲ್ಲಿ ಅಷ್ಟೇ ಜಾಗ ಇರುವುದು. ಹಿಂದಿನ ವರ್ಷದ ಅದೇ ತಿಂಗಳ ಓಟದಲ್ಲಿ ಇಲ್ಲದಿದ್ದ ಏಳು ಕೇರಿಗಳಿಗೆ ತಾನಾಗಿಯೇ ಅವಕಾಶ ಸಿಗುತ್ತದೆ. ಉಳಿದ ಮೂರನ್ನು ಚೀಟಿ ಎತ್ತಿ ಆರಿಸುತ್ತಾರೆ.

ಇನ್ನು ಹಗೆತನ. ಹೆಬ್ಬಾತಿಗೆ ಗೋಪುರ ಆಗುವುದಿಲ್ಲ. ತೋಳಕ್ಕೆ ಮುಳ್ಳುಹಂದಿ, ಆಮೆಗೆ ಬಸವನಹುಳು, ಹದ್ದಿಗೆ ಚಿರತೆ ಆಗುವುದಿಲ್ಲ. ತಾನು ಗೆಲ್ಲದಿದ್ದರೂ ಚಿಂತೆಯಿಲ್ಲ, ಆ ಕಡೆಯವರು ಮಾತ್ರ ಗೆಲ್ಲಬಾರದು ಅನ್ನುವ ಮಟ್ಟದ ಹಗೆ ಅದು. ಗೋಪುರ ಕೇರಿ 1961ರಲ್ಲಿ ಗೆದ್ದಮೇಲೆ ಮುಂದಿನ ಗೆಲುವಿಗೆ 2005ರವರೆಗೆ ಕಾಯಬೇಕಾಯಿತು, 44 ವರ್ಷ! ಎಲ್ಲರಿಗಿಂತ ಹೆಚ್ಚು ವರ್ಷದಿಂದ ಗೆಲ್ಲದ ಕೇರಿಯನ್ನು ಇಲ್ಲಿ 'ಅಜ್ಜಿ' ಅಂತ ಕರೆಯುತ್ತಾರೆ. ಇಷ್ಟು ತಿಳಿದುಕೊಂಡು ಹೋದರೆ, ಚೌಕದಲ್ಲಿ ಪಕ್ಕದವರು ಯಾಕೆ ಅಳುತ್ತಿದ್ದಾರೆ ಅಂತ ನಿಮಗೆ ಅರ್ಥವಾಗುತ್ತದೆ.

ತಾರೀಖು, ವೀಸಾ, ದಾರಿ

ಓಟದ ದಿನಕ್ಕೆ ಮೂರು ದಿನ ಮುಂಚೆ ಅಲ್ಲಿರಿ. ಓಟದ ದಿನದ ನಂತರವೂ ಎರಡು ದಿನ ಖಾಲಿ ಇಟ್ಟುಕೊಳ್ಳಿ, ಮಳೆ ಬಂದರೆ ಓಟ ಮುಂದೆ ಹೋಗುತ್ತದೆ. 2024ರಲ್ಲಿ ಜುಲೈ ಮತ್ತು ಆಗಸ್ಟ್ ಎರಡೂ ಓಟ ಹೀಗೆ ಮುಂದೆ ಹೋದವು. ಬಿಸಿಲು ಎರಡು ತಿಂಗಳಲ್ಲೂ ಜೋರೇ. ನನ್ನನ್ನು ಕೇಳಿದರೆ ಜುಲೈ ವಾಸಿ, ಆಗಸ್ಟ್ ಮಧ್ಯದಲ್ಲಿ ಇಡೀ ಇಟಲಿಯೇ ರಜೆಯಲ್ಲಿ ಇರುವುದರಿಂದ ರೈಲು, ಬಸ್ಸು, ರೂಮು ಎಲ್ಲದಕ್ಕೂ ಪೈಪೋಟಿ ಜಾಸ್ತಿ.

ಭಾರತದಿಂದ ಬರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಅಂತ ಇದ್ದರೂ ಅದನ್ನು ನಂಬಿ ಕೂರಬೇಡಿ. ಬೇಸಿಗೆ ರಜೆಯ ಹೊತ್ತಿಗೆ ಅರ್ಜಿ ಕೊಡುವ ಸ್ಲಾಟ್ ಸಿಗುವುದೇ ಕಷ್ಟ. ಜುಲೈ ಓಟಕ್ಕಾದರೆ ಮಾರ್ಚ್‌ನಲ್ಲೇ ಶುರು ಮಾಡಿ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಬೇಕೇ ಬೇಕು. ಅಮ್ಮನ ವಿಮೆ ಮಾಡಿಸುವಾಗ ಬಿಪಿ ಇರುವುದನ್ನು ಮುಚ್ಚಿಡದೆ ಬರೆಸಿದೆವು, ನೀವೂ ಹಾಗೇ ಮಾಡಿ.

ರೋಮ್ ಅಥವಾ ಫ್ಲಾರೆನ್ಸ್ ತಲುಪಿದರೆ ಮುಂದಿನ ದಾರಿ ಸುಲಭ. ಫ್ಲಾರೆನ್ಸ್‌ನಿಂದ ಸಿಯೆನಾಗೆ ರೈಲೂ ಇದೆ, ಬಸ್ಸೂ ಇದೆ. ರೈಲಿಗೆ ಒಂದೂವರೆ ಗಂಟೆ, ವೇಗದ ಬಸ್ಸಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ನಾನು ಬಸ್ಸನ್ನೇ ಹೇಳುತ್ತೇನೆ. ಸಿಯೆನಾ ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ, ಊರು ಮೇಲಿದೆ. ರೈಲಿನಲ್ಲೇ ಬಂದರೆ ನಿಲ್ದಾಣದ ಎದುರಿನ ಶಾಪಿಂಗ್ ಸೆಂಟರ್ ಒಳಗಿನಿಂದ ಎಸ್ಕಲೇಟರ್‌ಗಳ ಸಾಲು ಮೇಲಕ್ಕೆ ಹೋಗುತ್ತದೆ. ಅದನ್ನು ಹುಡುಕಿ, ಸೂಟ್‌ಕೇಸ್ ಎಳೆದುಕೊಂಡು ಏರು ಹತ್ತಬೇಡಿ. ಬಾಡಿಗೆ ಕಾರು ಬೇಡ, ಹಳೆಯ ಊರಿನೊಳಗೆ ಹೊರಗಿನ ವಾಹನ ಬಿಡುವುದಿಲ್ಲ, ಕ್ಯಾಮೆರಾ ಹಿಡಿದರೆ ದಂಡ ಮನೆಗೇ ಬರುತ್ತದೆ.

ಕೋಟೆ ಗೋಡೆಯ ಒಳಗೆ ರೂಮು ಬೇಕಾದರೆ ಆರೇಳು ತಿಂಗಳು ಮುಂಚೆ ಬುಕ್ ಮಾಡಬೇಕು. ಸಿಗದಿದ್ದರೆ ಪೊಜ್ಜಿಬೊನ್ಸಿ ನೋಡಿ, ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕೊನೆಯ ರೈಲು ಎಷ್ಟಕ್ಕೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಕುದುರೆ ಹಂಚುವ ದಿನ: ಜೂನ್ 29 ಅಥವಾ ಆಗಸ್ಟ್ 13

ನಾಲ್ಕು ದಿನದಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ದಿನ. ಬೆಳಿಗ್ಗೆ ಪಿಯಾತ್ಸಾ ದೆಲ್ ಕಾಂಪೋಗೆ ಹೋಗಿ. ಅದು ಬೀಸಣಿಗೆ ಬಿಚ್ಚಿಟ್ಟಂತಿರುವ ಇಟ್ಟಿಗೆ ಚೌಕ, ಒಂಬತ್ತು ಪಾಲಾಗಿ ಪುರಭವನದ ಕಡೆಗೆ ಇಳಿಜಾರಾಗಿದೆ. ಅಂಚಿನ ಕಲ್ಲುಹಾಸಿನ ಮೇಲೆ ಸುತ್ತಲೂ ಮಣ್ಣು ಹೊಡೆದು, ಬಡಿದು, ಓಟದ ದಾರಿ ಮಾಡಿರುತ್ತಾರೆ. ಕಂಬಳದ ಕರೆಗೆ, ಅಂದರೆ ಕೋಣ ಓಡುವ ದಾರಿಗೆ, ಮಣ್ಣು ಹದ ಮಾಡುವವರಿಗೆ ಇರುವಷ್ಟೇ ಮರ್ಯಾದೆ ಇಲ್ಲಿ ಈ ಮಣ್ಣಿನ ಕೆಲಸದವರಿಗೂ ಇದೆ.

ಕೇರಿಗಳ ಮುಖಂಡರು ಸೇರಿ ಹತ್ತು ಕುದುರೆ ಆರಿಸುತ್ತಾರೆ. ಅಪ್ಪಟ ತಳಿಯ ರೇಸ್ ಕುದುರೆಗಳಿಗೆ ಅವಕಾಶವಿಲ್ಲ, ಮಿಶ್ರ ತಳಿಯವೇ ಆಗಬೇಕು. ತೀರಾ ವೇಗದ್ದನ್ನೂ ತೀರಾ ನಿಧಾನದ್ದನ್ನೂ ಬಿಟ್ಟು ಸುಮಾರು ಒಂದೇ ಸಮ ಇರುವವನ್ನು ಹುಡುಕುತ್ತಾರೆ. ಆಮೇಲೆ ಪುರಭವನದ ಎದುರು ಎಲ್ಲರ ಮುಂದೆ ಚೀಟಿ ಎತ್ತುತ್ತಾರೆ. ಯಾವ ಕುದುರೆ ಯಾವ ಕೇರಿಗೆ ಅನ್ನುವುದು ಪೂರ್ತಿ ಅದೃಷ್ಟ. ಒಳ್ಳೆಯ ಕುದುರೆ ಸಿಕ್ಕ ಕೇರಿಯವರು ಕೂಗಿ, ತಬ್ಬಿಕೊಂಡು, ಹಾಡುತ್ತಾ ಕುದುರೆಯನ್ನು ತಮ್ಮ ಕೇರಿಯ ಲಾಯಕ್ಕೆ ಕರೆದುಕೊಂಡು ಹೋಗುತ್ತಾರೆ. ಬೇಡದ್ದು ಸಿಕ್ಕವರು ತಲೆ ತಗ್ಗಿಸಿ ನಡೆಯುತ್ತಾರೆ. ಇದನ್ನು ನೋಡಲು ಟಿಕೆಟ್ ಇಲ್ಲ.

ಒಂದು ಮಾತು. ಬೀದಿಯಲ್ಲಿ ಕುದುರೆ ಬರುತ್ತಿದ್ದರೆ ಗೋಡೆಗೆ ಸರಿದು ಸುಮ್ನೆ ನಿಲ್ಲಿ. ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ. ಲಾಯ ಇರುವ ಬೀದಿಯಲ್ಲಿ ಕೇರಿಯವರೇ ದನಿ ತಗ್ಗಿಸಿ ಮಾತಾಡುತ್ತಾರೆ. ಕುದುರೆಯನ್ನು ನೋಡಿಕೊಳ್ಳುವವನು ರಾತ್ರಿ ಅದರ ಪಕ್ಕದಲ್ಲೇ ಮಲಗುತ್ತಾನೆ.

ಪ್ರಯೋಗದ ಓಟಗಳು

ಕುದುರೆ ಹಂಚಿದ ಸಂಜೆಯಿಂದಲೇ ಪ್ರಯೋಗದ ಓಟ ಶುರು. ಬೆಳಿಗ್ಗೆ, ಸಂಜೆ ಅಂತ ಒಟ್ಟು ಆರು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಿಮ್ಮ ಪಾಲಿಗೆ ಇದೇ ಪಾಲಿಯೋ. ನಡುವಿನ ಜಾಗಕ್ಕೆ ದುಡ್ಡಿಲ್ಲ, ಜನ ಕಡಿಮೆ, ಓಟ ಮುಗಿದ ಕೂಡಲೇ ಹೊರಗೆ ಬರಬಹುದು. ಚೌಕದ ಅಂಚಿನ ಮೆಟ್ಟಿಲು ಗ್ಯಾಲರಿಯಲ್ಲಿ ಪ್ರಯೋಗದ ಓಟಕ್ಕೆ ಸೀಟು ಕಡಿಮೆ ದರಕ್ಕೆ ಸಿಗುತ್ತದೆ. ನಾವು ಅಮ್ಮನನ್ನು ಒಂದು ಸಂಜೆ ಅಲ್ಲಿ ಕೂರಿಸಿದೆವು. ಕೇರಿಯ ಮಕ್ಕಳು ಕೊರಳಿಗೆ ಬಣ್ಣದ ರುಮಾಲು ಕಟ್ಟಿ ಪುರಭವನದ ಮುಂದಿನ ಮೆಟ್ಟಿಲುಗಳಲ್ಲಿ ಕೂತು ಗಂಟಲು ಹರಿಯುವಂತೆ ಹಾಡುತ್ತಿದ್ದವು. ಅಮ್ಮ ಕುದುರೆಗಿಂತ ಜಾಸ್ತಿ ಆ ಮಕ್ಕಳನ್ನೇ ನೋಡಿದರು.

ಇಲ್ಲಿ ಜಾಕಿಗಳು ಕುದುರೆಯನ್ನು ಪೂರ್ತಿ ಓಡಿಸುವುದಿಲ್ಲ. ಕಾಲಿಗೆ ಏಟಾದರೆ ಬದಲಿ ಕುದುರೆ ಇಲ್ಲ, ಆ ಕೇರಿ ಓಟದಿಂದಲೇ ಹೊರಗೆ. ನೀವು ನೋಡಬೇಕಾದದ್ದು ಎರಡು ತಿರುವು. ಮೊದಲನೆಯದು ಇಳಿಜಾರಿನಲ್ಲಿ ಬಲಕ್ಕೆ ತಿರುಗುವ ಸಾನ್ ಮಾರ್ತಿನೋ, ಅಲ್ಲಿ ಗೋಡೆಗೆ ಹಾಸಿಗೆಗಳನ್ನು ಕಟ್ಟಿರುತ್ತಾರೆ. ಎರಡನೆಯದು ಏರಿನ ಕಸಾತೋ. ನಿಮಗೆ ಓಟದ ದಿನ ಎಲ್ಲಿ ನಿಲ್ಲಬೇಕು ಅಂತ ಈ ಪ್ರಯೋಗಗಳಲ್ಲೇ ತೀರ್ಮಾನ ಮಾಡಿ.

ಕೇರಿಯ ಊಟ

ಓಟದ ಹಿಂದಿನ ರಾತ್ರಿ, ಐದನೇ ಪ್ರಯೋಗ ಮುಗಿದ ಮೇಲೆ, ಓಡುವ ಹತ್ತು ಕೇರಿಗಳಲ್ಲೂ ಬೀದಿಯ ಉದ್ದಕ್ಕೂ ಮೇಜು ಹಾಕಿ ಸಾವಿರಾರು ಜನ ಕೂತು ಉಣ್ಣುತ್ತಾರೆ. ಕೆಲವು ಕೇರಿಗಳು ಹೊರಗಿನವರಿಗೂ ಟಿಕೆಟ್ ಕೊಡುತ್ತವೆ. ಓಡುವ ಕೇರಿಗಳು ಯಾವುವು ಅಂತ ಗೊತ್ತಾದ ಮೇಲೆ ಕೇರಿಯ ವೆಬ್‌ಸೈಟ್‌ನಲ್ಲಿ ಇಮೇಲ್ ವಿಳಾಸ ಹುಡುಕಿ ಬರೆಯಿರಿ. ಇಟಾಲಿಯನ್‌ನಲ್ಲಿ ನಾಲ್ಕು ಸಾಲು ಬರೆದರೆ ಉತ್ತರ ಬೇಗ ಬರುತ್ತದೆ. ಅಲ್ಲಿಗೆ ಹೋಗಿ ನೇರವಾಗಿ ಕೇಳಿದರೂ ಆಗುತ್ತದೆ, ಆದರೆ ಜಾಗ ಉಳಿದಿರಬೇಕಲ್ಲ.

ಸಸ್ಯಾಹಾರಿಗಳು ಟಿಕೆಟ್ ಕೇಳುವಾಗಲೇ 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ' ಅಂತ ಬರೆಯಿರಿ, ಮಾಂಸ ಇಲ್ಲದೆ, ಮೀನು ಇಲ್ಲದೆ ಅಂತ ಅರ್ಥ. ಬೇರೆ ಹೊತ್ತಿನಲ್ಲಿ ಊಟಕ್ಕೆ ತೊಂದರೆ ಇಲ್ಲ. ಪಿಚಿ ಅಂತ ಕೈಯಲ್ಲಿ ಹೊಸೆದ ದಪ್ಪ ಶಾವಿಗೆಯಂಥ ಪಾಸ್ತಾ ಇಲ್ಲಿಯದು, ಅದನ್ನು ಬೆಳ್ಳುಳ್ಳಿ ಟೊಮೆಟೊ ಸಾರಿನಲ್ಲಿ ಕೇಳಿ, ಹೆಸರು 'ಪಿಚಿ ಆಲ್ಯೋನೆ'. ರಿಬೊಲ್ಲಿತಾ ಅನ್ನುವ ಬ್ರೆಡ್ಡು, ಸೊಪ್ಪಿನ ಗಟ್ಟಿ ಸೂಪು ಚೆನ್ನಾಗಿರುತ್ತದೆ, ಆದರೆ ಮಾಂಸದ ಸಾರು ಹಾಕಿದ್ದಾರಾ ಅಂತ ವಿಚಾರಿಸಿ. ಬಾದಾಮಿಯ ರಿಚ್ಚಾರೆಲ್ಲಿ ಬಿಸ್ಕೆಟ್ಟನ್ನು ಊರಿಗೂ ಕಟ್ಟಿಸಿಕೊಳ್ಳಿ.

ಊಟದಲ್ಲಿ ಕೇರಿಯ ಮುಖಂಡ ಮಾತಾಡುತ್ತಾನೆ, ಜಾಕಿ ಎದ್ದು ನಾಲ್ಕು ಮಾತು ಹೇಳುತ್ತಾನೆ, ನಡುನಡುವೆ ಹಾಡು. ನಮ್ಮ ಪಕ್ಕ ಕೂತಿದ್ದ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಅಮ್ಮನ ಕೈ ಹಿಡಿದು ಇಡೀ ಸಂಜೆ ಏನೇನೋ ವಿವರಿಸಿದರು. ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ಟರು. ಬೇರೆ ಕೇರಿಯ ಬಣ್ಣದ ರುಮಾಲು ಕಟ್ಟಿಕೊಂಡು ಮಾತ್ರ ಇಂಥ ಊಟಕ್ಕೆ ಹೋಗಬೇಡಿ. ರುಮಾಲೇ ಬೇಡ ಅನ್ನುತ್ತೇನೆ. ಅಲ್ಲಿಯವರಿಗೆ ಅದು ಹುಟ್ಟಿನಿಂದ ಬಂದದ್ದು, ಅಂಗಡಿಯಿಂದ ಕೊಂಡದ್ದಲ್ಲ.

ಓಟದ ದಿನ, ಗಂಟೆ ಗಂಟೆಗೆ

ಬೆಳಿಗ್ಗೆ ಚೌಕದ ಚಿಕ್ಕ ಪ್ರಾರ್ಥನಾ ಮಂದಿರದಲ್ಲಿ ಜಾಕಿಗಳಿಗಾಗಿ ಪೂಜೆ ಇರುತ್ತದೆ, ಆಮೇಲೆ ಕೊನೆಯ ಪ್ರಯೋಗ. ಅದು ನಿಧಾನದ ಓಟ, ತಪ್ಪಿಸಿದರೂ ನಷ್ಟವಿಲ್ಲ. ಹೊಟ್ಟೆ ತುಂಬಾ ಉಂಡು, ಒಂದು ಗಂಟೆ ಮಲಗಿ.

ಮಧ್ಯಾಹ್ನ ಸುಮಾರು 3ಕ್ಕೆ ಪ್ರತಿ ಕೇರಿಯ ಚರ್ಚಿನಲ್ಲೂ ಕುದುರೆಗೆ ಆಶೀರ್ವಾದ. ಕುದುರೆಯನ್ನು ಚರ್ಚಿನ ಒಳಗೇ ಕರೆದುಕೊಂಡು ಬರುತ್ತಾರೆ! ಪಾದ್ರಿ ಕೊನೆಗೆ 'ವಾಯ್, ಎ ತೋರ್ನಾ ವಿಂಚಿತೋರೆ' ಅನ್ನುತ್ತಾರೆ, 'ಹೋಗು, ಗೆದ್ದು ಬಾ'. ಅಲ್ಲಿಯೇ ಕುದುರೆ ಲದ್ದಿ ಹಾಕಿದರೆ ಶುಭ ಶಕುನ. ಜಾಗ ಚಿಕ್ಕದು, ಒಳಗೆ ಬಿಡದಿದ್ದರೆ ಹಟ ಮಾಡಬೇಡಿ, ಬಾಗಿಲ ಹೊರಗೆ ನಿಂತರೂ ಕುದುರೆ ಬರುವುದು ಹೋಗುವುದು ಕಾಣುತ್ತದೆ. ಆದರೆ ಇದನ್ನು ನೋಡಿದವರಿಗೆ ಚೌಕದ ನಡುವೆ ಒಳ್ಳೆಯ ಜಾಗ ಸಿಗುವುದಿಲ್ಲ. ಎರಡರಲ್ಲಿ ಒಂದು ಆರಿಸಬೇಕು. ನಾನು ಬೇಲಿಯ ಪಕ್ಕ ಜಾಗ ಹಿಡಿದೆ, ಅಕ್ಕ ಚರ್ಚಿಗೆ ಹೋದಳು. ಈಗಲೂ ಅವಳ ಆಯ್ಕೆಯೇ ಸರಿ ಅನ್ನಿಸುತ್ತದೆ.

ನೋಡುವ ಜಾಗ ಮೂರು ಬಗೆ. ನಡುವಿನ ಚೌಕ ಉಚಿತ. ಗ್ಯಾಲರಿ ಸೀಟಿಗೆ ನೂರಾರು ಯೂರೋ. ಕಿಟಕಿ, ಬಾಲ್ಕನಿಗೆ ಇನ್ನೂ ಜಾಸ್ತಿ. ಗ್ಯಾಲರಿ ಸೀಟುಗಳನ್ನು ಹೆಚ್ಚಾಗಿ ಅದರ ಹಿಂದಿನ ಅಂಗಡಿ, ಹೋಟೆಲಿನವರೇ ಮಾರುತ್ತಾರೆ. ಚಳಿಗಾಲದಲ್ಲೇ ಕೇಳಿ ಇಡಬೇಕು. ಮಂಡಿ ನೋವು, ಬಿಪಿ, ಸಕ್ಕರೆ ಇರುವವರು, ಗರ್ಭಿಣಿಯರು ನಡುವಿನ ಚೌಕಕ್ಕೆ ಹೋಗಲೇಬೇಡಿ. ಪುಟ್ಟ ಮಕ್ಕಳನ್ನೂ ಕರೆದುಕೊಂಡು ಹೋಗಬೇಡಿ. ನಾಲ್ಕೈದು ಗಂಟೆ ನಿಂತೇ ಇರಬೇಕು, ನೆರಳಿಲ್ಲ, ಶೌಚಾಲಯ ಇಲ್ಲ, ಓಟ ಮುಗಿಯುವವರೆಗೆ ಹೊರಗೆ ಬಿಡುವುದೂ ಇಲ್ಲ. ಅಮ್ಮ ಆ ದಿನ ರೂಮಿನಲ್ಲೇ ಕೂತು ಟಿವಿಯಲ್ಲಿ ನೋಡಿದರು.

ನಡುವಿಗೆ ಹೋಗುವವರು ಮಧ್ಯಾಹ್ನ 2 ಗಂಟೆಯ ಒಳಗೆ ಸೇರಿ. ಆಮೇಲೆ ಒಂದೊಂದೇ ದಾರಿ ಮುಚ್ಚುತ್ತಾರೆ, ಕೊನೆಗೆ ಉಳಿಯುವುದು ವಿಯಾ ದುಪ್ರೆ ಬೀದಿಯ ಕಡೆಯದು. ಜನ ತುಂಬಿದರೆ ಅದೂ ಬಂದ್. ಟೋಪಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು, ಓಆರ್‌ಎಸ್ ಪುಡಿ, ಸ್ವಲ್ಪ ತಿನ್ನುವುದು ಇಷ್ಟು ಸಾಕು. ಗಾಜು ಬೇಡ, ಛತ್ರಿ ಬೇಡ, ದೊಡ್ಡ ಬ್ಯಾಗ್ ಬೇಡ. ಫೋನ್ ನೆಟ್‌ವರ್ಕ್ ನಂಬಬೇಡಿ, ಓಟ ಮುಗಿದಮೇಲೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಬೇಲಿಗೆ ಒರಗಿ ನಿಂತರೆ ಕುದುರೆ ಹತ್ತಿರದಿಂದ ಕಾಣುತ್ತದೆ, ಆದರೆ ಒಂದೇ ತುಂಡು. ಕಾರಂಜಿಯ ಕಡೆ, ಎತ್ತರದ ಜಾಗದಲ್ಲಿ ನಿಂತರೆ ಸುತ್ತಲೂ ತಿರುಗಿ ನೋಡಬಹುದು. ಎತ್ತರ ಇಲ್ಲದವರಿಗೆ ಬೇಲಿಯೇ ಗತಿ, ನನಗೂ ಅದೇ.

ಸಂಜೆ ಮೆರವಣಿಗೆ. ಅಶ್ವದಳದವರು ಕತ್ತಿ ಹಿರಿದು ಒಂದು ಸುತ್ತು ನಾಗಾಲೋಟದಲ್ಲಿ ಹೋಗುತ್ತಾರೆ. ಆಮೇಲೆ ಹಳೆಯ ಕಾಲದ ಉಡುಪಿನಲ್ಲಿ ಕೇರಿಗಳು, ಡೋಲು, ಗಾಳಿಯಲ್ಲಿ ಎಸೆದು ಹಿಡಿಯುವ ಬಾವುಟಗಳು. ಗೋಪುರದ ದೊಡ್ಡ ಗಂಟೆ ಒಂದೇ ಸಮ ಹೊಡೆಯುತ್ತಲೇ ಇರುತ್ತದೆ. ಕೊನೆಯಲ್ಲಿ ನಾಲ್ಕು ಬಿಳಿ ಎತ್ತುಗಳು ಎಳೆಯುವ ರಥ, ಅದರ ಮೇಲೆ ಗೆದ್ದವರಿಗೆ ಸಿಗುವ ಚಿತ್ರ ಬರೆದ ರೇಷ್ಮೆ ಪಟ. ಬಹುಮಾನ ಅಂದರೆ ಇದೇ ಬಟ್ಟೆ. ದುಡ್ಡಲ್ಲ. ಬಾಜಿ ಕಟ್ಟುವುದೂ ಇಲ್ಲ, ಯಾರಾದರೂ ಬಾಜಿಯ ಟಿಕೆಟ್ ಮಾರಲು ಬಂದರೆ ದೂರ ಇರಿ.

ಸುಮಾರು 7.30ಕ್ಕೆ, ಆಗಸ್ಟ್‌ನಲ್ಲಾದರೆ 7ಕ್ಕೆ, ಕರಾವಳಿಯ ಜಾತ್ರೆಗಳ ಗರ್ನಾಲಿನ ಹಾಗೆ ಒಂದು ಸದ್ದು ಸಿಡಿಯುತ್ತದೆ. ಕುದುರೆಗಳು ಹೊರಗೆ ಬರುತ್ತವೆ. ಜೀನು ಇಲ್ಲ, ಬರೀ ಬೆನ್ನಿನ ಮೇಲೆ ಜಾಕಿ. ಆಗ ಲಕೋಟೆ ಒಡೆದು ನಿಲ್ಲುವ ಕ್ರಮ ಕೂಗುತ್ತಾರೆ. ಇಡೀ ಚೌಕ ಉಸಿರು ಬಿಗಿಹಿಡಿಯುತ್ತದೆ, ಯಾವ ಕೇರಿ ಯಾವ ಕೇರಿಯ ಪಕ್ಕ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಒಂಬತ್ತು ಕುದುರೆ ಎರಡು ಹಗ್ಗಗಳ ನಡುವೆ ನಿಲ್ಲಬೇಕು. ಹತ್ತನೆಯದು ಹಿಂದೆ ಹೊರಗೆ. ಅದು ಯಾವಾಗ ಒಳಗೆ ನುಗ್ಗುತ್ತದೋ ಆಗ ಮುಂದಿನ ಹಗ್ಗ ಬೀಳುತ್ತದೆ, ಓಟ ಶುರು. ಆ ಹತ್ತನೆಯ ಜಾಕಿ ತನಗೆ ಬೇಕಾದ ಗಳಿಗೆಗೆ ಕಾಯುತ್ತಾನೆ, ತನ್ನ ಹಗೆಯ ಕುದುರೆ ಅಡ್ಡ ತಿರುಗಿದಾಗ, ತನ್ನ ಸ್ನೇಹಿತರ ಕುದುರೆ ನೇರ ನಿಂತಾಗ. ಕೇರಿಗಳ ನಡುವೆ, ಜಾಕಿಗಳ ನಡುವೆ ಗುಟ್ಟಿನ ಒಪ್ಪಂದಗಳು ಇರುತ್ತವೆ, ಅದು ಎಲ್ಲರಿಗೂ ಗೊತ್ತು. ಕಂಬಳದ ಗಂತಿನಲ್ಲಿ, ಅಂದರೆ ಓಟ ಶುರುವಾಗುವ ಜಾಗದಲ್ಲಿ, ಕೋಣ ಬಿಡಲು ತಡವಾಗುವುದನ್ನು ನೋಡಿ ಬೆಳೆದ ನನಗೆ ಈ ಕಾಯುವಿಕೆ ಹೊಸದಲ್ಲ. ಮತ್ತೆ ಮತ್ತೆ ಹೊರಗೆ ಕಳಿಸುತ್ತಾರೆ, ಅರ್ಧ ಗಂಟೆ, ಒಂದು ಗಂಟೆಯೂ ಆಗಬಹುದು. ಇದು ಓಟಕ್ಕೆ ಮುಂಚಿನ ತಡ ಅಂದುಕೊಳ್ಳಬೇಡಿ, ಅರ್ಧ ಓಟ ಇಲ್ಲೇ ನಡೆಯುತ್ತದೆ.

ಆಮೇಲೆ ಮೂರು ಸುತ್ತು. ಜಾಕಿ ಬಿದ್ದರೂ ಕುದುರೆ ಮೊದಲು ಬಂದರೆ ಗೆಲುವು ಅದರದೇ. 2019ರ ಆಗಸ್ಟ್‌ನಲ್ಲಿ ಕಾಡು ಕೇರಿಯ ರೆಮೊರೆಕ್ಸ್ ಹೀಗೆ ಬರಿಬೆನ್ನಿನಲ್ಲಿ ಗೆದ್ದಿತು. ನಾವು ನೋಡಿದ 2025ರ ಜುಲೈ ಓಟದಲ್ಲಿ ಹೆಬ್ಬಾತು ಗೆದ್ದಿತು. ಕುದುರೆ ದಿಯೊದೋರೊ, ಜಾಕಿ 'ತಿತ್ತಿಯಾ' ಅಂತ ಹೆಸರಾದ ಜೊವಾನ್ನಿ ಆತ್ಸೆನಿ. ನನ್ನ ಎದುರು ಅವರು ಹಾದುಹೋದದ್ದು ಮೂರೇ ಸಲ. ಮೊದಲನೆಯ ಸಲ ನೆಲ ನಡುಗಿದ್ದು ಮಾತ್ರ ನೆನಪಿದೆ.

ಫೋನ್ ಎತ್ತಿ ವೀಡಿಯೊ ತೆಗೆಯಬೇಡಿ. ಹಿಂದಿನವರಿಗೆ ಅಡ್ಡ ಆಗುತ್ತದೆ, ನಿಮಗೂ ಏನೂ ಕಾಣುವುದಿಲ್ಲ.

ಕುದುರೆಗಳ ಬಗ್ಗೆ

ಈ ಓಟದಲ್ಲಿ ಕುದುರೆಗಳು ಬಿದ್ದಿವೆ, ಸತ್ತಿವೆ. ವಿರೋಧಿಸುವವರು ಇಟಲಿಯಲ್ಲೂ ಇದ್ದಾರೆ. ಮಿಶ್ರ ತಳಿಯ ನಿಯಮ, ಪಶುವೈದ್ಯರ ತಪಾಸಣೆ, ತಿರುವಿನ ಹಾಸಿಗೆಗಳು ಎಲ್ಲವೂ ಅಪಾಯ ಕಡಿಮೆ ಮಾಡಲು ಬಂದವು. ಮುದಿಯಾದ, ಗಾಯಗೊಂಡ ಕುದುರೆಗಳಿಗೆ ರಾದಿಕೊಂದೊಲಿ ಎಂಬಲ್ಲಿ ಆಶ್ರಯವಿದೆ. ಕಂಬಳದ ಬಗ್ಗೆ ನಮ್ಮಲ್ಲಿ ವರ್ಷಗಟ್ಟಲೆ ನಡೆದ ವಾದ ನೆನಪಿದ್ದವರಿಗೆ ಎರಡು ಕಡೆಯ ಮಾತೂ ಗೊತ್ತು. ಅಪಾಯ ಪೂರ್ತಿ ಹೋಗಿಲ್ಲ. ಕುದುರೆ ಬೀಳುವುದನ್ನು ಕಣ್ಣಾರೆ ನೋಡಲು ಆಗದವರು ಪ್ರಯೋಗದ ಓಟ, ಊಟ, ಮೆರವಣಿಗೆಗೆ ನಿಲ್ಲಿಸಿದರೂ ಹೋದದ್ದು ಸಾರ್ಥಕವೇ.

ಓಟ ಮುಗಿದ ಮೇಲೆ

ಮೊದಲ ಹತ್ತು ನಿಮಿಷ ಇದ್ದಲ್ಲೇ ಇರಿ. ಗೆದ್ದ ಕೇರಿಯವರು ಬೇಲಿ ಹಾರಿ ಓಡುತ್ತಾರೆ, ಹಗೆಯ ಕೇರಿಗಳ ನಡುವೆ ಕೈಕೈ ಮಿಲಾಯಿಸುವುದೂ ಉಂಟು. ಅದು ಅವರೊಳಗಿನ ಜಗಳ, ಹೊರಗಿನವರಿಗೆ ಏನೂ ಮಾಡುವುದಿಲ್ಲ, ಆದರೆ ನಡುವೆ ಸಿಕ್ಕಿಕೊಳ್ಳಬೇಡಿ. ಜುಲೈ ಆದರೆ ಪಟ ಹಿಡಿದ ಗುಂಪು ಪ್ರೊವೆಂತ್ಸಾನೋ ಚರ್ಚಿಗೆ, ಆಗಸ್ಟ್ ಆದರೆ ದೊಡ್ಡ ಕಥೀಡ್ರಲ್‌ಗೆ ಓಡುತ್ತದೆ. ಹಿಂದೆಯೇ ಹೋಗಿ. ಚರ್ಚಿನೊಳಗೆ ಡೋಲು, ಬಾವುಟ, ಅಳು, ಹಾಡು ಎಲ್ಲ ಒಟ್ಟಿಗೆ. ಅಕ್ಕ ಅಲ್ಲಿ ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳನ್ನು ತಬ್ಬಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಬೇಡಿ. ಗೆದ್ದ ಕೇರಿ ಡೋಲು ಹೊಡೆಯುತ್ತಾ, ಪಟ ಎತ್ತಿ ಹಿಡಿದು ಊರೆಲ್ಲ ಸುತ್ತುತ್ತದೆ. ನಮ್ಮ ರೂಮಿನ ಕೆಳಗೂ ಬಂದರು. ಅಮ್ಮ ಕಿಟಕಿಯಿಂದ ಕೈ ಬೀಸಿದರು, ಕೆಳಗಿನಿಂದ ಒಬ್ಬ ಹುಡುಗ ಬಾವುಟ ತಗ್ಗಿಸಿ ಮೇಲೆತ್ತಿದ.